ಪ್ರಾರಂಭದ ಗುಂಡಿಯ ಚರಿತ್ರೆ

ಅಭ್ಯಾಸಬಲವು ಬುದ್ಧಿಬಲಕ್ಕಿಂತ ಕಡಿಮೆಯಾದುದಲ್ಲ. ಮಗ್ಗಿಯನ್ನು ಬಾಯಿಪಾಠ ಮಾಡಿದ ಬಾಲಕನು ಏಳೆಂಟ್ಲೆ ಎಷ್ಟೆಂದು ಯೋಚಿಸುತ್ತ ಕೂಡುವುದಿಲ್ಲ. ಐವತ್ತಾರು ಎಂದು ನಾಲಗೆಯೇ ನುಡಿಯುತ್ತದೆ. ನಮ್ಮ ನಂದವರಕ್ಕೆ ನೆರೆಯದಾದ ಎಮ್ಮಿಗನೂರಿನ ನೇಕಾರನು ಲಾಳಿಯ ಕಡೆಗೆ ಕಣ್ಣು ಹಾಯಿಸದೆಯೇ ನೇಯುತ್ತಾನೆ. ಹೀಗೆ ಕೈ ಕಲಿತುದೂ ವಿದ್ಯೆಯೇ. ಅದನ್ನು ಒಂದೇ ದಿನದಲ್ಲಿ ಬದಲಾಯಿಸಹೊರಟರೆ ಏನಾಗುವುದೆಂಬುದಕ್ಕೆ ಗಣಕಯಂತ್ರದ ಚರಿತ್ರೆಯಲ್ಲಿ ಸ್ಪಷ್ಟವಾದ ಒಂದು ನಿದರ್ಶನವಿದೆ. ಮೈಕ್ರೋಸಾಫ್ಟ್ ಸಂಸ್ಥೆಯು 2012ರಲ್ಲಿ ತನ್ನ ವಿಂಡೋಸ್ ವ್ಯವಸ್ಥೆಯ ಮುಖವನ್ನು ಬದಲಿಸಿದುದು, ಬಹುಜನರು ಅದನ್ನು ಒಪ್ಪದೆ ಹೋದುದು, ಸಂಸ್ಥೆಯು ಹೆಜ್ಜೆ ಹಿಂದಿಟ್ಟುದು, ಈ ಮೂರು ಸಂಗತಿಗಳನ್ನು ನಿರೂಪಿಸಿ, ಕನ್ನಡ ಶಾಲೆಗಳವರಾದ ನಮಗೆ ಅದರಿಂದ ದೊರೆಯುವ ಪಾಠವೇನೆಂಬುದನ್ನು ಇಲ್ಲಿ ವಿಚಾರಮಾಡುತ್ತೇವೆ.

ಮೊದಲು ಎಲ್ಲರಿಗೂ ಪರಿಚಿತವಾದ ಒಂದು ಹಳೆಯ ಮಾರ್ಪಾಟನ್ನು ನೆನೆಯುವುದು ಯುಕ್ತ. 1957ರ ಏಪ್ರಿಲ್ 1ರಂದು ಭಾರತದಲ್ಲಿ ದಶಮಾಂಶ ನಾಣ್ಯವು ಜಾರಿಗೆ ಬಂದಿತು. ಅದುವರೆಗೆ ರೂಪಾಯಿಗೆ 16 ಆಣೆ, 192 ಪೈ. ಅಂದಿನಿಂದ ರೂಪಾಯಿಗೆ 100 ನಯೇ ಪೈಸೆ. ಒಂದಾಣೆಗೆ ಆರೂಕಾಲು ಪೈಸೆಯಾಗುತ್ತಿದ್ದುದರಿಂದ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19 ಎಂದು ಲೆಕ್ಕ ಕಟ್ಟಬೇಕಾಯಿತು. ಸಂತೆಯಲ್ಲಿ ಇದರಿಂದ ತೊಡಕು ಉಂಟಾಗದಿರಲಿಲ್ಲ. ಆದರೆ ಸರ್ಕಾರವು ಒಂದು ವಿವೇಕವನ್ನು ತೋರಿತು. ಹಳೆಯ ನಾಣ್ಯಗಳನ್ನು ಒಮ್ಮೆಗೇ ರದ್ದುಮಾಡಲಿಲ್ಲ. ಹಳೆಯದೂ ಹೊಸದೂ ಕೆಲವು ವರ್ಷಗಳವರೆಗೆ ಜೊತೆಯಾಗಿ ನಡೆದುವು. ಜನರು ರೂಢಿಗೆ ಬಂದ ಮೇಲೆ, 1964ರಲ್ಲಿ, ‘ನಯಾ’ ಎಂಬ ವಿಶೇಷಣವನ್ನು ಕೈಬಿಡಲಾಯಿತು. 25 ಪೈಸೆಯ ನಾಣ್ಯವು 2011ರ ಜೂನ್ 30ರಂದು ಚಲಾವಣೆಯಿಂದ ಹೋಗುವವರೆಗೂ ಹಿರಿಯರ ಬಾಯಲ್ಲಿ ಅದು ‘ನಾಲ್ಕಾಣೆ’ಯಾಗಿಯೇ ಉಳಿದಿತ್ತು. ಹಳೆಯ ದಾರಿಯನ್ನು ಮುಚ್ಚದೆ ಹೊಸ ದಾರಿಯನ್ನು ತೆರೆದ ಕ್ರಮವಿದು.

ಇನ್ನು ಗಣಕಯಂತ್ರದ ವಿಷಯಕ್ಕೆ ಬರೋಣ. ಯಂತ್ರದ ಒಳಗಿನ ಸಮಸ್ತ ಕಾರ್ಯಗಳನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆಯೆಂದು ಹೆಸರು. ಅದು ಪರದೆಯ ಮೇಲೆ ನಮಗೆ ತೋರುವ ರೂಪವನ್ನು ನಾವು ಇಲ್ಲಿ ‘ಮುಖ’ವೆಂದು ಕರೆಯುತ್ತೇವೆ. 1968ರ ಡಿಸೆಂಬರ್ 9ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಎಂಬವರು ಮೌಸನ್ನು ಸಭೆಯ ಮುಂದೆ ತೋರಿಸಿದರು. 1973ರಲ್ಲಿ ಜೆರಾಕ್ಸ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಆಲ್ಟೋ ಎಂಬ ಯಂತ್ರವು ಸಿದ್ಧವಾಯಿತು. 1984ರಲ್ಲಿ ಆಪಲ್ ಸಂಸ್ಥೆಯ ಮ್ಯಾಕಿಂಟಾಷ್, 1985ರ ನವೆಂಬರಿನಲ್ಲಿ ಮೊದಲನೆಯ ವಿಂಡೋಸ್ ಹೊರಬಂದುವು. ಆಜ್ಞೆಗಳನ್ನು ಅಕ್ಷರಶಃ ಬರೆಯಬೇಕಾಗಿದ್ದ ಕಾಲವು ಹೋಗಿ, ಚಿತ್ರವನ್ನು ತೋರಿಸಿ ಒತ್ತುವ ಕಾಲವು ಬಂದಿತು.

1995ರ ಆಗಸ್ಟ್ 24ರಂದು ಬಿಡುಗಡೆಯಾದ ವಿಂಡೋಸ್ 95ರಲ್ಲಿ ಪರದೆಯ ಕೆಳಗಡೆ ಎಡಮೂಲೆಯಲ್ಲಿ ಒಂದು ಗುಂಡಿಯು ಕಾಣಿಸಿಕೊಂಡಿತು. ಅದರ ಮೇಲೆ ‘ಸ್ಟಾರ್ಟ್’, ಎಂದರೆ ಪ್ರಾರಂಭ, ಎಂಬ ಪದವಿತ್ತು. ಈ ಪದವು ಅಲ್ಲಿಗೆ ಬಂದ ಬಗೆಯು ಗಮನಾರ್ಹವಾದುದು. ಮೊದಮೊದಲು ಆ ಗುಂಡಿಗೆ ಇಂತಹ ಹೆಸರಿರಲಿಲ್ಲ. ಸಾಮಾನ್ಯ ಜನರನ್ನು ಕರೆಸಿ ಪರೀಕ್ಷಿಸಿದಾಗ, ಅವರು ಯಂತ್ರದ ಮುಂದೆ ಕುಳಿತು ಮುಂದೇನು ಮಾಡಬೇಕೆಂದು ತೋಚದೆ ಸುಮ್ಮನಿದ್ದರು. ಆದುದರಿಂದ ಆ ಪದವನ್ನು ಬರೆಯಲಾಯಿತು. ಕೂಡಲೆ ಜನರು ಅಲ್ಲಿಗೆ ಕೈಹಾಕಿದರು. ಯಂತ್ರವನ್ನು ನಿಲ್ಲಿಸಬೇಕಾದರೂ ‘ಪ್ರಾರಂಭ’ವನ್ನೇ ಒತ್ತಬೇಕೆಂಬ ವಿನೋದವು ಇದರಿಂದಲೇ ಹುಟ್ಟಿತು. ವಿನೋದವೇನೇ ಇರಲಿ, ಗುಂಡಿಯು ನೆಲೆನಿಂತಿತು. 2001ರ ಎಕ್ಸ್‌ಪಿ, 2007ರ ವಿಸ್ಟಾ, 2009ರ ವಿಂಡೋಸ್ 7, ಇವುಗಳಲ್ಲಿ ಬಣ್ಣವೂ ಆಕಾರವೂ ಬದಲಾದುವು, ಗುಂಡಿಯ ಮೇಲಿನ ಪದವೂ ಅಳಿದುಹೋಯಿತು. ಆದರೆ ಸ್ಥಾನವು ಬದಲಾಗಲಿಲ್ಲ. ಹದಿನೇಳು ವರ್ಷಗಳ ಕಾಲ ಲೋಕದ ಕೋಟ್ಯಂತರ ಕೈಗಳು ಆ ಎಡಮೂಲೆಯನ್ನು ಅರಿತುಕೊಂಡುವು.

2012ರ ಅಕ್ಟೋಬರ್ 26ರಂದು ವಿಂಡೋಸ್ 8 ಬಂದಿತು. ಎಡಮೂಲೆಯ ಗುಂಡಿಯು ಮಾಯವಾಗಿದ್ದಿತು. ಅದನ್ನು ಒತ್ತಿದಾಗ ತೆರೆದುಕೊಳ್ಳುತ್ತಿದ್ದ ಪಟ್ಟಿಗೆ ಬದಲಾಗಿ, ಪರದೆಯನ್ನೆಲ್ಲ ಆವರಿಸುವ ಬಣ್ಣಬಣ್ಣದ ಚೌಕಗಳು ಬಂದುವು. ಕೆಲವು ಸೌಕರ್ಯಗಳು ಪರದೆಯ ಮೂಲೆಗಳಲ್ಲಿ ಅಡಗಿದ್ದುವು; ಮೌಸನ್ನು ಮೂಲೆಗೆ ಒಯ್ದರೆ ಮಾತ್ರ ಅವು ಕಾಣುತ್ತಿದ್ದುವು. ಯಂತ್ರವನ್ನು ನಿಲ್ಲಿಸಲು ಮೂಲೆಯಿಂದ ಒಂದು ಪಟ್ಟಿಯನ್ನು ಹೊರತಂದು, ಅದರಲ್ಲಿ ‘ಸೆಟ್ಟಿಂಗ್ಸ್’ ಹುಡುಕಿ, ಅದರೊಳಗೆ ವಿದ್ಯುತ್ತಿನ ಚಿಹ್ನೆಯನ್ನು ಒತ್ತಿ, ಬಳಿಕ ಆಜ್ಞೆಯನ್ನು ಆರಿಸಬೇಕಾಗಿತ್ತು.

ಸಂಸ್ಥೆಯು ಇದನ್ನು ಕಾರಣವಿಲ್ಲದೆ ಮಾಡಿತೆನ್ನುವುದು ನ್ಯಾಯವಲ್ಲ. 2010ರಲ್ಲಿ ಆಪಲ್ ಸಂಸ್ಥೆಯ ಐಪ್ಯಾಡ್ ಬಂದ ಮೇಲೆ, ಬೆರಳಿನಿಂದ ಮುಟ್ಟಿ ನಡೆಸುವ ಹಲಗೆಗಳ ಕಡೆಗೆ ಜನರ ಒಲವು ಹರಿದಿತ್ತು. ಒಂದೇ ವ್ಯವಸ್ಥೆಯು ಮೇಜಿನ ಯಂತ್ರಕ್ಕೂ ಕೈಹಲಗೆಗೂ ಒಗ್ಗಬೇಕೆಂಬುದು ಸಂಸ್ಥೆಯ ಉದ್ದೇಶವಾಗಿತ್ತು. ಜನರು ಹಳೆಯ ಪಟ್ಟಿಯನ್ನು ಮುಂಚಿನಷ್ಟು ಬಳಸುತ್ತಿಲ್ಲವೆಂದು ತಾನು ಸಂಗ್ರಹಿಸಿದ ಅಂಕಿಗಳಿಂದ ಕಂಡುಬಂದಿತೆಂದೂ ಅದು ಹೇಳಿತು. ಆದರೆ ಬೆರಳಿಗೆ ಹಿತವಾದುದೆಲ್ಲವೂ ಮೌಸಿಗೆ ಹಿತವಲ್ಲ. ಎತ್ತಿನ ನೊಗವನ್ನು ಕುದುರೆಗೆ ಹೂಡಿದರೆ ಬಂಡಿ ಸಾಗುವುದೆ?

ಜನರ ಪ್ರತಿಕ್ರಿಯೆಯು ಮೂರು ಬಗೆಯಾಗಿತ್ತು. ಮೊದಲನೆಯವರು ಆಕ್ಷೇಪಿಸಿದರು. 2012ರ ನವೆಂಬರಿನಲ್ಲಿ ಬಳಕೆದಾರರ ಅನುಕೂಲವನ್ನು ಕುರಿತ ವಿದ್ವಾಂಸರಾದ ಯಾಕೋಬ್ ನೀಲ್ಸನ್ ಅವರು ಅನುಭವಸ್ಥರಾದ 12 ಮಂದಿಯನ್ನು ಕೂರಿಸಿ ಪರೀಕ್ಷಿಸಿ, ಒಂದೇ ಯಂತ್ರಕ್ಕೆ ಎರಡು ಮುಖಗಳಿರುವುದು ನೆನಪಿಗೆ ಹೊರೆಯೆಂದೂ, ಕಣ್ಣಿಗೆ ಕಾಣದಂತೆ ಅಡಗಿಸಿಟ್ಟ ಸೌಕರ್ಯಗಳು ಇದ್ದೂ ಇಲ್ಲದಂತೆಯೆಂದೂ ತೀರ್ಮಾನಿಸಿದರು. ಎರಡನೆಯವರು ತಮ್ಮ ದಾರಿಯನ್ನು ತಾವೇ ಹುಡುಕಿಕೊಂಡರು. ಹಳೆಯ ಪಟ್ಟಿಯನ್ನು ಮರಳಿ ತರುವ ಕ್ಲಾಸಿಕ್ ಶೆಲ್, ಸ್ಟಾರ್ಟ್8 ಮೊದಲಾದ ಚಿಕ್ಕ ತಂತ್ರಾಂಶಗಳನ್ನು ಅವರು ತರಿಸಿಕೊಂಡರು. ಇಲ್ಲವೇ ವಿಂಡೋಸ್ 7ರಲ್ಲಿಯೇ ಉಳಿದರು. ಮೂರನೆಯವರು ಹೊಸದನ್ನು ಕಲಿತು ಮೆಚ್ಚಿಕೊಂಡರು. ಕೀಲಿಮಣೆಯ ವಿಂಡೋಸ್ ಕೀಲಿಯನ್ನು ಒತ್ತಿ, ಬೇಕಾದುದರ ಹೆಸರಿನ ಮೊದಲೆರಡು ಅಕ್ಷರಗಳನ್ನು ಬರೆದರೆ ಸಾಕು, ಅದು ದೊರೆಯುವುದೆಂಬುದನ್ನು ಅರಿತಿದ್ದವರು ಇವರಲ್ಲಿ ಹೆಚ್ಚು ಕಷ್ಟಪಡಲಿಲ್ಲ. ಈ ಕೊನೆಯ ಮಾತನ್ನು ಉಪಾಧ್ಯಾಯರು ನೆನಪಿನಲ್ಲಿಡತಕ್ಕುದು.

2013ರ ಮೇ ತಿಂಗಳ ವೇಳೆಗೆ ವಿಂಡೋಸ್ 8ರ ಹತ್ತು ಕೋಟಿ ಪರವಾನಗಿಗಳು ಮಾರಾಟವಾದುವೆಂದು ಸಂಸ್ಥೆಯು ಪ್ರಕಟಿಸಿತು. ಕೊಂಡವರೆಲ್ಲರೂ ಮೆಚ್ಚಿದವರಲ್ಲವೆಂಬುದು ಅದಕ್ಕೂ ತಿಳಿದಿದ್ದಿರಬೇಕು. ಏಕೆಂದರೆ ಅದೇ ವರ್ಷದ ಅಕ್ಟೋಬರ್ 17ರಂದು ಹೊರಬಂದ 8.1ರಲ್ಲಿ ಗುಂಡಿಯು ತನ್ನ ಸ್ಥಾನಕ್ಕೆ ಮರಳಿತು. ಆದರೆ ಒತ್ತಿದರೆ ಬರುತ್ತಿದ್ದುದು ಚೌಕಗಳ ಪರದೆಯೇ. ಹಳೆಯ ಪಟ್ಟಿಯನ್ನೂ ಹೊಸ ಚೌಕಗಳನ್ನೂ ಕೂಡಿಸಿದ ರೂಪವು 2015ರ ಜುಲೈ 29ರಂದು ವಿಂಡೋಸ್ 10ರಲ್ಲಿ ಬಂದಿತು. ಈ ಸಲ ಅದನ್ನು ಸಿದ್ಧಪಡಿಸುತ್ತಿರುವಾಗಲೇ ಇಚ್ಛೆಯುಳ್ಳವರಿಗೆಲ್ಲ ಕೊಟ್ಟು, ಅವರ ಅಭಿಪ್ರಾಯಗಳನ್ನು ಕೇಳಲಾಯಿತು. 2021ರ ಅಕ್ಟೋಬರ್ 5ರ ವಿಂಡೋಸ್ 11ರಲ್ಲಿ ಗುಂಡಿಯು ನಡುವಿಗೆ ಸರಿಯಿತು. ಆದರೂ ಬೇಕೆಂದವರು ಅದನ್ನು ಎಡಕ್ಕೆ ಒಯ್ಯಲು ಅವಕಾಶವನ್ನು ಉಳಿಸಲಾಯಿತು. ನಾಣ್ಯದ ವಿಷಯದಲ್ಲಿ ನಾವು ಕಂಡ ವಿವೇಕವು ಕೊನೆಗೆ ಇಲ್ಲಿಯೂ ಬಂದಿತೆನ್ನಬಹುದು.

ಇಂತಹ ಕಲಹವು ವಿಂಡೋಸಿಗೆ ಮಾತ್ರ ಸೀಮಿತವಾಗಿರಲಿಲ್ಲ. ಯಾರು ಬೇಕಾದರೂ ತಿದ್ದಿಕೊಳ್ಳಬಹುದಾದ ಮುಕ್ತ ತಂತ್ರಾಂಶಗಳ ಲೋಕದಲ್ಲಿ, 2011ರ ಏಪ್ರಿಲಿನಲ್ಲಿ ಗ್ನೋಮ್ 3 ಎಂಬ ಹೊಸ ಮುಖವು ಬಂದಾಗಲೂ ಬಹುಜನರು ಅಸಮಾಧಾನಪಟ್ಟರು. ಅಲ್ಲಿ ಮೂಲವೇ ಎಲ್ಲರ ಕೈಯಲ್ಲಿದ್ದುದರಿಂದ, ಕೆಲವರು ಹಳೆಯ ಗ್ನೋಮನ್ನೇ ಮುಂದುವರಿಸಿ ಅದಕ್ಕೆ ಮಾಟೆ ಎಂದು ಹೆಸರಿಟ್ಟರು. ಕೇರಳದ ಸರ್ಕಾರಿ ಶಾಲೆಗಳು ಇಂತಹ ಮುಕ್ತ ತಂತ್ರಾಂಶವನ್ನೇ ಬಳಸುತ್ತವೆ. ಆ ರಾಜ್ಯದ ಕೈಟ್ ಸಂಸ್ಥೆಯು ಶಾಲೆಗಳಿಗಾಗಿಯೇ ಒಂದು ವ್ಯವಸ್ಥೆಯನ್ನು ಸಿದ್ಧಪಡಿಸಿಕೊಡುತ್ತದೆ. ಕಾಸರಗೋಡಿನ ನಮ್ಮ ಕನ್ನಡ ಮಕ್ಕಳಿಗೆ ಗಣಕಪಾಠದ ಪುಸ್ತಕವು ಕನ್ನಡದಲ್ಲಿಯೇ ದೊರೆಯುತ್ತದೆ. ಮುಖವನ್ನು ಯಾವಾಗ, ಎಷ್ಟು ಬದಲಿಸಬೇಕೆಂಬುದನ್ನು ದೂರದ ವ್ಯಾಪಾರಿಯಲ್ಲ, ಶಾಲೆಯವರೇ ನಿಶ್ಚಯಿಸಬಹುದೆಂಬುದಕ್ಕೆ ಅದು ಸಾಕ್ಷಿ.

ಈಗ ನಮ್ಮ ಸೀಮೆಯ ಮಾತು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರ ರಾಜ್ಯಕ್ಕೆ ಸೇರಿದುವು. ಅಂದಿನಿಂದ ಇಲ್ಲಿಯ ಕನ್ನಡ ಮಗುವು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಯಂತ್ರದ ಮುಂದೆ ಇಂಗ್ಲಿಷ್ ಎಂಬಂತೆ ಬೆಳೆಯುತ್ತಿದೆ. ತೆಲುಗಿನ ಲಿಪಿಯು ನಮ್ಮದಕ್ಕೆ ಸಮೀಪದ್ದಾದುದರಿಂದ ಬೀದಿಯ ಹಲಗೆಯನ್ನು ಅದು ಬೇಗನೆ ಓದಿಬಿಡುತ್ತದೆ. ಪರದೆಯ ಮೇಲಿನ ಇಂಗ್ಲಿಷ್ ಪದವನ್ನಾದರೋ ಅದು ಓದುವುದಿಲ್ಲ, ಸ್ಥಾನವನ್ನು ಗುರುತಿಟ್ಟುಕೊಳ್ಳುತ್ತದೆ. ಎಡಮೂಲೆ, ಎರಡನೆಯ ಸಾಲು, ಹಳದಿ ಚಿತ್ರ, ಇದು ಅದರ ವಿದ್ಯೆ. ಸ್ಥಾನವು ಬದಲಾದೊಡನೆ ಇಂಗ್ಲಿಷ್ ಬಲ್ಲವನು ಪದವನ್ನು ಓದಿ ದಾರಿಯನ್ನು ಹುಡುಕುತ್ತಾನೆ. ನಮ್ಮ ಮಗುವಿನ ವಿದ್ಯೆಯೆಲ್ಲವೂ ಅಳಿದುಹೋಗುತ್ತದೆ. ಅಮೆರಿಕದ ಕಚೇರಿಯ ಗುಮಾಸ್ತನಿಗೆ ಕಿರಿಕಿರಿಯೆನಿಸಿದುದು ಹಳ್ಳಿಯ ಮಗುವಿಗೆ ನಿಜವಾದ ನಷ್ಟ. ಹೊಸ ಮುಖವನ್ನು ಕಂಡು ಹಿಂಜರಿಯುವ ಮಗುವನ್ನು ದಡ್ಡನೆನ್ನುವುದು ಅನ್ಯಾಯ.

ಇದಕ್ಕೆ ಪರಿಹಾರವು ನಮ್ಮ ಕೈಯಲ್ಲಿ ಒಂದಿಷ್ಟು ಇದೆ. ಮೊದಲನೆಯದಾಗಿ, ‘ಇಲ್ಲಿ ಒತ್ತು’ ಎಂದು ಕಲಿಸುವುದರ ಬದಲು ‘ಇದು ಇಂಥ ಕೆಲಸಕ್ಕಾಗಿ’ ಎಂದು ಕಲಿಸಬೇಕು. ಕಡತವೆಂದರೇನು, ಉಳಿಸುವುದೆಂದರೇನು, ಹುಡುಕುವುದೆಂದರೇನು ಎಂಬುದನ್ನು ಅರಿತ ಮಗುವು ಗುಂಡಿಯು ಎಲ್ಲಿಗೆ ಹೋದರೂ ಕಂಗೆಡದು. ಎರಡನೆಯದಾಗಿ, ಒಂದು ಕೆಲಸಕ್ಕೆ ಎರಡು ದಾರಿಗಳನ್ನಾದರೂ ತೋರಿಸಬೇಕು. ಮೌಸಿನ ದಾರಿಯು ಮುಚ್ಚಿದಾಗ ಕೀಲಿಯ ದಾರಿಯಿರುತ್ತದೆ. ಮೂರನೆಯದಾಗಿ, ವಿಂಡೋಸಿನ ಮುಖವನ್ನು ಕನ್ನಡಕ್ಕೆ ತಿರುಗಿಸುವ ಭಾಷಾಸೌಕರ್ಯವು ಬೆಲೆಯಿಲ್ಲದೆ ದೊರೆಯುತ್ತದೆ. ಅದನ್ನು ಶಾಲೆಯ ಯಂತ್ರದಲ್ಲಿ ಅಳವಡಿಸಿದರೆ ಮಗುವು ಸ್ಥಾನವನ್ನು ಬಿಟ್ಟು ಪದವನ್ನು ಹಿಡಿಯುತ್ತದೆ. ಭಾರತ ಸರ್ಕಾರದ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಕನ್ನಡದ ‘ಕ’ ಇರುವ ಕೀಲಿಯಲ್ಲಿಯೇ ತೆಲುಗಿನ ‘ಕ’ವೂ ಇದೆ, ಒಂದನ್ನು ಕಲಿತ ನಮ್ಮ ಗಡಿಯ ಮಗುವಿಗೆ ಎರಡೂ ಕೈವಶವಾಗುತ್ತವೆ.

ಯಂತ್ರಗಳ ಮುಖವು ಇನ್ನು ಮುಂದೆಯೂ ಬದಲಾಗುತ್ತಲೇ ಇರುವುದು. ಅದನ್ನು ತಡೆಯುವ ಶಕ್ತಿ ಶಾಲೆಗಳಿಗಿಲ್ಲ. ಆದರೆ ಜನರು ಆಡಿದ ಮಾತು ವ್ಯರ್ಥವಾಗಲಿಲ್ಲವೆಂಬುದನ್ನು ಈ ಗುಂಡಿಯ ಚರಿತ್ರೆಯು ತಿಳಿಸುತ್ತದೆ. ಬಳಸುವವನು ಬಾಯಿಬಿಟ್ಟು ಹೇಳಿದರೆ, ಮಾಡುವವನು ಇಂದಲ್ಲದಿದ್ದರೆ ನಾಳೆಯಾದರೂ ಕೇಳಬೇಕಾಗುತ್ತದೆ. ಕನ್ನಡ ಶಾಲೆಗಳ ಉಪಾಧ್ಯಾಯರೂ ವಿದ್ಯಾರ್ಥಿಗಳೂ ತಮಗೆ ಬೇಕಾದುದನ್ನು ಕನ್ನಡದಲ್ಲಿಯೇ ಕೇಳಲು ಸಂಕೋಚಪಡಬಾರದೆಂದು ಸೂಚಿಸಿ ಈ ಲೇಖನವನ್ನು ಮುಗಿಸುತ್ತೇವೆ.