ದೂರವಾದ ಕೆಲಸ, ಬಿಡದ ಸೈಕಲ್ಲು

ವರ್ಗಾವಣೆಯ ಕಾಗದ ಕೈಸೇರಿದ ದಿನ ನಮ್ಮಂಥ ಹೊರನಾಡ ಕನ್ನಡ ಕುಟುಂಬಗಳಲ್ಲಿ ಏಳುವ ಪ್ರಶ್ನೆಗಳು ಎಲ್ಲರಿಗೂ ಗೊತ್ತಿದ್ದವೇ. ಬಾಡಿಗೆ ಮನೆ ಸಿಕ್ಕೀತೆ, ಮಕ್ಕಳಿಗೆ ಶಾಲೆ ಯಾವುದು, ಹತ್ತಿರದಲ್ಲಿ ಕನ್ನಡದವರು ಯಾರಿದ್ದಾರೆ ಎಂದು ವಿಚಾರಿಸುತ್ತೇವೆ. ಊರು ಬದಲಾಗದೆ ಕೆಲಸದ ಜಾಗ ಮಾತ್ರ ದೂರ ಸರಿದಾಗ ಇಷ್ಟು ವಿಚಾರಣೆ ನಡೆಯುವುದಿಲ್ಲ. ಮನೆ ಅದೇ, ಶಾಲೆ ಅದೇ, ನೆರೆಹೊರೆ ಅದೇ. ದಾರಿ ಮಾತ್ರ ಉದ್ದವಾಗಿರುತ್ತದೆ. ಆಗ ಮೊದಲು ಮೂಲೆ ಸೇರುವುದು ಸೈಕಲ್ಲು. ಇದು ಅನಿವಾರ್ಯವೇ? ವಿಜಯವಾಡ ಮತ್ತು ವಿಶಾಖಪಟ್ಟಣಗಳು ಬೆಳೆದು ಬಂದ ಬಗೆಯನ್ನು ನೋಡಿದರೆ ಹಾಗೇನೂ ಇಲ್ಲವೆಂದು ತೋರುತ್ತದೆ. ಆ ಚರಿತ್ರೆಯನ್ನು ಸಂಕ್ಷೇಪವಾಗಿ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಹೆಚ್ಚುಕಡಿಮೆ ಒಂದೇ ಗಾತ್ರದ ಎರಡು ಚಕ್ರಗಳು, ಹಿಂದಿನ ಚಕ್ರವನ್ನು ತಿರುಗಿಸುವ ಚೈನು: ಸೈಕಲ್ಲಿನ ಈ ರೂಪ ನೆಲೆಗೊಂಡದ್ದು 1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ತಯಾರಿಸಿದ ‘ರೋವರ್’ ಸೈಕಲ್ಲಿನಿಂದ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರನ್ನು ತಂದ ಮೇಲೆ ಸವಾರನ ಬೆನ್ನುಮೂಳೆಗೆ ಸ್ವಲ್ಪ ನೆಮ್ಮದಿ ದೊರೆಯಿತು. ನಮ್ಮ ದೇಶಕ್ಕೆ ಬಹುಕಾಲ ಬಂದದ್ದೆಲ್ಲ ರ್ಯಾಲಿ, ಬಿ.ಎಸ್.ಎ., ಹರ್ಕ್ಯುಲಿಸ್ ಮುಂತಾದ ಬ್ರಿಟಿಷ್ ಗಾಡಿಗಳೇ. ಸ್ವಾತಂತ್ರ್ಯ ಬಂದ ನಂತರ ಚಿತ್ರ ಬದಲಾಯಿತು. 1949ರಲ್ಲಿ ಮದರಾಸಿನ ಟಿ.ಐ. ಸೈಕಲ್ಸ್, 1951ರಲ್ಲಿ ಸೋನಿಪತ್ತಿನ ಅಟ್ಲಾಸ್, 1952ರಲ್ಲಿ ಆಸನ್‌ಸೋಲಿನ ಸೆನ್-ರ್ಯಾಲಿ, 1956ರಲ್ಲಿ ಲೂಧಿಯಾನದ ಹೀರೋ, ಹೀಗೆ ಒಂದಾದ ಮೇಲೊಂದು ಕಾರ್ಖಾನೆ ಎದ್ದು, ಸಾಹೇಬರ ಸವಾರಿಯಾಗಿದ್ದದ್ದು ಗುಮಾಸ್ತನ, ಕಾರ್ಮಿಕನ, ಅಂಚೆಯವನ ವಾಹನವಾಯಿತು.

ಸರಕಾರಿ ನೌಕರರಿಗೆ ಬಡ್ಡಿಯಿಲ್ಲದ ಸೈಕಲ್ ಮುಂಗಡವೆಂಬುದೊಂದಿತ್ತು. ತಿಂಗಳ ಸಂಬಳದಲ್ಲಿ ಕಂತು ಮುರಿದುಕೊಳ್ಳುತ್ತಿದ್ದರು. ಪುರಸಭೆಗೆ ತೆರಿಗೆ ಕಟ್ಟಿ ಬಿಲ್ಲೆ ಪಡೆಯಬೇಕಿತ್ತು. ರಾತ್ರಿ ದೀಪವಿಲ್ಲದೆ ಹೋದರೆ, ಇಬ್ಬರು ಕೂತು ಹೋದರೆ, ಪೊಲೀಸಿನವರು ಚಕ್ರದ ಗಾಳಿ ಬಿಡುತ್ತಿದ್ದ ಕಾಲವನ್ನು ನಮ್ಮ ಹಿರಿಯರು ಇನ್ನೂ ಮರೆತಿಲ್ಲ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯ ಮೂಲ ಸೂತ್ರವೇ ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸುವುದಾಗಿತ್ತು. ಕಾಲ್ನಡಿಗೆಯಲ್ಲೋ ಸೈಕಲ್ಲಿನಲ್ಲೋ ಬೀದಿ ಸುತ್ತುವ ಪಿಗ್ಮಿ ಏಜೆಂಟರು ಕರಾವಳಿಯವರಿಗೆಲ್ಲ ಪರಿಚಿತರು. ಮುಂದೆ ನಮ್ಮ ನಾಡಿನ ಬ್ಯಾಂಕುಗಳು ಆಂಧ್ರದಲ್ಲಿ ಶಾಖೆ ತೆರೆದಂತೆಲ್ಲ ಕನ್ನಡದ ಗುಮಾಸ್ತರೂ ಮ್ಯಾನೇಜರರೂ ಕೃಷ್ಣೆಯ ದಡಕ್ಕೆ, ಕಡಲ ದಂಡೆಗೆ ಬಂದು ನೆಲೆಸಿದರು.

ಮೊದಲು ಕೃಷ್ಣೆಯ ದಡದ ಊರನ್ನು ನೋಡೋಣ. ನಮ್ಮ ಆಲಮಟ್ಟಿ, ನಾರಾಯಣಪುರಗಳನ್ನು ದಾಟಿ ಬರುವ ನದಿ ಸಮುದ್ರ ಸೇರುವ ಮುನ್ನ ಮುಟ್ಟುವ ದೊಡ್ಡ ಪಟ್ಟಣ ಬೆಜವಾಡ, ಈಗಿನ ವಿಜಯವಾಡ. ಇಲ್ಲಿನ ಅಣೆಕಟ್ಟು ಮುಗಿದದ್ದು 1855ರಲ್ಲಿ. ಅದರಿಂದ ಹೊರಟ ಕಾಲುವೆಗಳು ಊರಿನ ನಡುವೆಯೇ ಹರಿಯುತ್ತವೆ. 1888ರಲ್ಲಿ ಪುರಸಭೆ ಬಂತು. ರೈಲುಹಾದಿಗಳು ನಾಲ್ಕು ದಿಕ್ಕಿನಿಂದ ಬಂದು ಕೂಡಿ ಊರನ್ನು ದೊಡ್ಡ ಜಂಕ್ಷನ್ನಾಗಿಸಿದವು. ಇಂದ್ರಕೀಲಾದ್ರಿಯಂಥ ಕೆಲವು ಗುಡ್ಡಗಳನ್ನು ಬಿಟ್ಟರೆ ನೆಲ ಸಮತಟ್ಟು. ಸ್ಟೇಷನ್ನು, ಮಾರುಕಟ್ಟೆ, ಮುದ್ರಣಾಲಯಗಳು, ಲಾರಿ ಕಚೇರಿಗಳು, ಗವರ್ನರಪೇಟೆಯ ಅಂಗಡಿಗಳು ಎಲ್ಲವೂ ಒಂದಕ್ಕೊಂದು ನಾಲ್ಕೈದು ಕಿಲೋಮೀಟರಿನೊಳಗೆ. ಸೈಕಲ್ಲಿಗೆ ಇದಕ್ಕಿಂತ ಹೇಳಿ ಮಾಡಿಸಿದ ಊರು ಬೇಕೆ?

1952ರ ಪ್ರವಾಹದಲ್ಲಿ ಹಳೆಯ ಅಣೆಕಟ್ಟು ಒಡೆಯಿತು. ಅದರ ಜಾಗಕ್ಕೆ ಬಂದ ಬ್ಯಾರೇಜು 1957ರಲ್ಲಿ ಪೂರ್ಣಗೊಂಡು, ಆಂಧ್ರ ರಾಜ್ಯದ ಮೊದಲ ಮುಖ್ಯಮಂತ್ರಿ ಟಂಗುಟೂರಿ ಪ್ರಕಾಶಂ ಅವರ ಹೆಸರನ್ನು ಪಡೆಯಿತು. ಇದು ನೀರು ನಿಲ್ಲಿಸುವ ಕಟ್ಟೆ ಮಾತ್ರವಾಗಿರದೆ ರಸ್ತೆ ಸೇತುವೆಯೂ ಆಗಿದ್ದುದರಿಂದ ಆಚೆ ದಡದ ತಾಡೇಪಲ್ಲಿ, ಉಂಡವಲ್ಲಿಗಳವರಿಗೆ ವಿಜಯವಾಡದ ಕೆಲಸ ಸೈಕಲ್ಲಿನ ಅಳತೆಗೆ ಬಂತು. ಒಂದು ಸೇತುವೆ ದುಡಿಯುವವನ ದಿನವನ್ನು ಹೇಗೆ ಬದಲಿಸಬಲ್ಲದು ಎಂಬುದಕ್ಕೆ ಇದೊಂದು ನಿದರ್ಶನ.

ಆದರೆ ಊರು ಬೆಳೆದಂತೆ ಕೆಲಸ ಹೊರಕ್ಕೆ ಸರಿಯಿತು. ಲಾರಿ ರಿಪೇರಿಯ ಷೆಡ್ಡುಗಳು ಪೂರ್ವದ ಅಂಚಿನ ಆಟೋನಗರಕ್ಕೆ ಹೋದವು. ವಾಯವ್ಯಕ್ಕೆ ಸುಮಾರು 16 ಕಿಲೋಮೀಟರ್ ದೂರದ ಇಬ್ರಾಹಿಂಪಟ್ಟಣದಲ್ಲಿ ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕ 1979ರಲ್ಲಿ ಚಾಲೂ ಆಯಿತು. ಐದು ಕಿಲೋಮೀಟರು ತುಳಿಯುತ್ತಿದ್ದವನು ಹದಿನಾರು ತುಳಿಯಬೇಕಾಯಿತು.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಕಟ್ಟುಮಸ್ತಾದ ಕಪ್ಪು ಸೈಕಲ್ಲಿನಲ್ಲಿ ಆಯಾಸವಿಲ್ಲದೆ ಹೋದರೆ ಗಂಟೆಗೆ 15 ಕಿಲೋಮೀಟರ್ ಎಂದು ಹಿಡಿಯಬಹುದು. ಐದು ಕಿಲೋಮೀಟರಿಗೆ 20 ನಿಮಿಷ. ಹದಿನಾರಕ್ಕೆ ಒಂದು ಗಂಟೆಯ ಮೇಲೆ ನಾಲ್ಕು ನಿಮಿಷ. ಇಪ್ಪತ್ತೈದಕ್ಕೆ 100 ನಿಮಿಷ. ಹೋಗಿಬರುವ ಲೆಕ್ಕ ಹಾಕಿದರೆ ಕೊನೆಯದು ದಿನಕ್ಕೆ ಮೂರು ಗಂಟೆ ಇಪ್ಪತ್ತು ನಿಮಿಷ. ಎಂಟು ಗಂಟೆ ದುಡಿದು ಬಂದವನಿಂದ ಇದನ್ನು ಅಪೇಕ್ಷಿಸುವುದು ನ್ಯಾಯವಲ್ಲ. ಮಕ್ಕಳು ಮಲಗಿದ ಮೇಲೆ ಮನೆ ಸೇರುವ ತಂದೆಗೆ ಆರೋಗ್ಯದ ಉಪದೇಶ ಮಾಡಿ ಪ್ರಯೋಜನವೇನು? ಆದ್ದರಿಂದ ಪೂರ್ತಿ ದಾರಿಯನ್ನು ತುಳಿದೇ ತೀರಬೇಕೆಂಬ ಹಟ ಯಾರಿಗೂ ಬೇಡ. ಸೈಕಲ್ಲಿಗೆ ಒಪ್ಪುವ ಭಾಗ ಎಷ್ಟು ಎಂದು ಕೇಳುವುದೇ ಸರಿಯಾದ ಪ್ರಶ್ನೆ. ಇಬ್ರಾಹಿಂಪಟ್ಟಣಕ್ಕೆ ಕೊಂಡಪಲ್ಲಿ ರೈಲು ನಿಲ್ದಾಣ ಹತ್ತಿರ. ಮನೆಯಿಂದ ಸ್ಟೇಷನ್ನಿಗೆ ಸೈಕಲ್ಲು, ಅಲ್ಲಿಂದ ರೈಲು ಎಂಬುದು ಆ ಕಡೆಯ ಕೆಲಸಗಾರರಿಗೆ ತೆರೆದಿದ್ದ ಹಾದಿ.

ವಿಜಯವಾಡದಿಂದ ರೈಲಿನಲ್ಲಿ 350 ಕಿಲೋಮೀಟರ್ ಈಶಾನ್ಯಕ್ಕಿರುವ ವಿಶಾಖಪಟ್ಟಣಕ್ಕೆ ಬರುವ ಮುನ್ನ ಈ ಎರಡು ಊರುಗಳ ನಡುವಿನ ಒಂದು ದೊಡ್ಡ ‘ವರ್ಗಾವಣೆ’ಯನ್ನು ನೆನೆಯಬೇಕು. ಆಂಧ್ರ ವಿಶ್ವವಿದ್ಯಾನಿಲಯ 1926ರಲ್ಲಿ ಆರಂಭವಾದದ್ದು ಬೆಜವಾಡದಲ್ಲಿ. 1930ರಲ್ಲಿ ಅದು ವಾಲ್ತೇರಿಗೆ ಸ್ಥಳಾಂತರಗೊಂಡಿತು. ಅದರ ಮೊದಲ ಕುಲಪತಿ ಕಟ್ಟಮಂಚಿ ರಾಮಲಿಂಗಾರೆಡ್ಡಿಯವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿ, ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯನ್ನೂ ನಡೆಸಿದವರು. 1931ರಲ್ಲಿ ಆ ಸ್ಥಾನಕ್ಕೆ ಬಂದ ಡಾ. ಎಸ್. ರಾಧಾಕೃಷ್ಣನ್ನರೂ ಅದಕ್ಕೆ ಮೊದಲು ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರೇ. ಸಂಸ್ಥೆಯೇ ಊರು ಬಿಟ್ಟಾಗ ಸಂಸಾರಗಳೂ ಗಂಟುಮೂಟೆ ಕಟ್ಟಿದವು. ಹೊಸ ಊರಿನಲ್ಲಿ ಕೆಲಸದ ಪಕ್ಕದಲ್ಲೇ ಮನೆ ಹುಡುಕಲು ಅವಕಾಶವಿತ್ತು. ವಿಶಾಖಪಟ್ಟಣದ ಕಾರ್ಮಿಕನಿಗೆ ಮುಂದೆ ಎದುರಾದ ಸಮಸ್ಯೆ ಬೇರೆಯದು. ಅಲ್ಲಿ ಕೆಲಸಗಳು ಊರೊಳಗಿದ್ದುಕೊಂಡೇ ಹೆಜ್ಜೆ ಹೆಜ್ಜೆಯಾಗಿ ದೂರ ನಡೆದವು.

ಆ ಹೆಜ್ಜೆಗಳನ್ನು ಗಮನಿಸಿ. 1933ರಲ್ಲಿ ಬಂದರು ತೆರೆಯಿತು. ಹಳೆಯ ಊರಿಗೆ ಅದು ಅಂಟಿಕೊಂಡೇ ಇತ್ತು. 1941ರಲ್ಲಿ ರಾಜೇಂದ್ರ ಪ್ರಸಾದರು ಸಿಂಧಿಯಾ ಕಂಪನಿಯ ಹಡಗುಕಟ್ಟೆಗೆ ಅಡಿಗಲ್ಲಿಟ್ಟರು. ಮರುವರ್ಷ ಏಪ್ರಿಲ್ 6ರಂದು ಜಪಾನೀ ವಿಮಾನಗಳು ಊರಿನ ಮೇಲೆ ಬಾಂಬು ಹಾಕಿದವು. ಆದರೂ ಕೆಲಸ ಮುಂದುವರಿದು 1948ರ ಮಾರ್ಚಿಯಲ್ಲಿ ‘ಜಲ ಉಷಾ’ ಹಡಗನ್ನು ನೆಹರೂ ನೀರಿಗಿಳಿಸಿದರು. 1957ರಲ್ಲಿ ಕಾಲ್ಟೆಕ್ಸ್ ತೈಲ ಶುದ್ಧೀಕರಣಾಗಾರ, 1966ರಲ್ಲಿ ಭಾರತ್ ಹೆವಿ ಪ್ಲೇಟ್ ಅಂಡ್ ವೆಸೆಲ್ಸ್, 1967ರಲ್ಲಿ ಕೋರಮಂಡಲ್ ಗೊಬ್ಬರದ ಕಾರ್ಖಾನೆ. ಎಲ್ಲವೂ ಗಾಜುವಾಕದ ದಿಕ್ಕಿಗೆ. ಕೊನೆಗೆ, ‘ವಿಶಾಖ ಉಕ್ಕು ಆಂಧ್ರರ ಹಕ್ಕು’ ಎಂಬ 1966ರ ಚಳವಳಿಯ ಫಲವಾಗಿ 1971ರ ಜನವರಿಯಲ್ಲಿ ಇಂದಿರಾ ಗಾಂಧಿಯವರು ಅಡಿಗಲ್ಲಿಟ್ಟ ಉಕ್ಕಿನ ಕಾರ್ಖಾನೆ. ಇದು ನಗರದ ನಡುಭಾಗದಿಂದ ಸುಮಾರು 25 ಕಿಲೋಮೀಟರ್ ದೂರ. ಅದರ ಎರಡನೆಯ ಊದುಕುಲುಮೆಗೆ ಕೃಷ್ಣೆಯ ಹೆಸರೇ ಇದೆ. ‘ಉಕ್ಕು’ ಎಂಬ ಮಾತಂತೂ ತೆಲುಗಿಗೂ ಕನ್ನಡಕ್ಕೂ ಒಂದೇ. 1992ರ ಆಗಸ್ಟ್ 1ರಂದು ಪ್ರಧಾನಿ ಪಿ.ವಿ. ನರಸಿಂಹರಾಯರು ಕಾರ್ಖಾನೆಯನ್ನು ರಾಷ್ಟ್ರಕ್ಕೆ ಸಮರ್ಪಿಸಿದರು.

ಬಂದರಿನ ಕೆಲಸ ಬಿಟ್ಟು ಉಕ್ಕಿನ ಕಾರ್ಖಾನೆಗೆ ಸೇರಿದವನ ಪಾಡನ್ನು ಊಹಿಸಬಹುದು. ವಿಶಾಖಪಟ್ಟಣದ ನೆಲ ವಿಜಯವಾಡದಂತೆ ಸಮತಟ್ಟಲ್ಲ. ವಾಲ್ತೇರಿನ ಏರುಗಳಲ್ಲಿ ಇಳಿದು ತಳ್ಳಲೇಬೇಕು. ಕಡಲ ಗಾಳಿಯ ತೇವದಲ್ಲಿ ಬೆಳಗಿನ ಎಂಟಕ್ಕೇ ಅಂಗಿ ಒದ್ದೆ. ಹೆದ್ದಾರಿಯಲ್ಲಿ ಲಾರಿಗಳ ಭಯ ಬೇರೆ. ಇಷ್ಟಿದ್ದರೂ ಅಲ್ಲಿ ಸೈಕಲ್ಲು ಉಳಿದದ್ದು ಮೂರು ಉಪಾಯಗಳಿಂದ. ಒಂದು, ಮನೆಯನ್ನೇ ಕೆಲಸದ ಕಡೆಗೆ ಸರಿಸುವುದು. ಗಾಜುವಾಕ, ಕೂರ್ಮನ್ನಪಾಲೆಂಗಳು ಬೆಳೆದದ್ದೂ, ಕಾರ್ಖಾನೆಯ ಪಕ್ಕದಲ್ಲಿ ಉಕ್ಕುನಗರವೆಂಬ ವಸತಿ ಎದ್ದದ್ದೂ ಹೀಗೆಯೇ. ಎರಡು, ದಾರಿಯನ್ನು ತುಂಡು ಮಾಡುವುದು. ಅನಕಾಪಲ್ಲಿಯ ಕಡೆಯಿಂದ ಬರುವವರಿಗೆ ದುವ್ವಾಡ ನಿಲ್ದಾಣವಿದೆ. ಸ್ಟೇಷನ್ನಿನ ಸೈಕಲ್ ಸ್ಟ್ಯಾಂಡು, ಪ್ಯಾಸೆಂಜರ್ ರೈಲು, ಬಸ್ಸು ಇವುಗಳನ್ನು ಜೋಡಿಸಿಕೊಂಡರೆ ಕಾಲಿಗೆ ಉಳಿಯುವುದು ನಾಲ್ಕೈದು ಕಿಲೋಮೀಟರ್ ಮಾತ್ರ. ಮೂರು, ಹೆಬ್ಬಾಗಿಲ ಒಳಗಿನ ಸವಾರಿ. ಇಷ್ಟು ವಿಸ್ತಾರವಾದ ಕಾರ್ಖಾನೆಯಲ್ಲಿ ಗೇಟಿನಿಂದ ವಿಭಾಗಕ್ಕೆ ಹೋಗುವುದೇ ಒಂದು ಪ್ರಯಾಣ. ನಮ್ಮ ಬೆಂಗಳೂರಿನಲ್ಲಿಯೂ 1940ರಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆ, 1948ರಲ್ಲಿ ಐ.ಟಿ.ಐ., 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಹುಟ್ಟಿದಾಗ ಆಗಿನ ಊರಿನ ಹೊರಗೆ ಇದೇ ಕಥೆ ನಡೆದಿತ್ತು. ಪಾಳಿ ಮುಗಿದ ಸೈರನ್ನಿನ ಬೆನ್ನಿಗೇ ಗೇಟಿನಿಂದ ಹೊರಬೀಳುತ್ತಿದ್ದ ಸೈಕಲ್ಲುಗಳ ಪ್ರವಾಹವನ್ನು ಕಂಡವರು ನಮ್ಮಲ್ಲಿ ಅನೇಕರಿದ್ದಾರೆ.

ಆಮೇಲೆ ಮೋಟಾರು ಗಾಡಿಗಳು ಬಂದವು. 1972ರಲ್ಲಿ ಲೂನಾ, 1980ರಲ್ಲಿ ಹೊಸೂರಿನಿಂದ ಟಿ.ವಿ.ಎಸ್. 50, 1985ರಲ್ಲಿ ಹೀರೋ ಹೋಂಡಾ. ದೂರ ಕಡಿಮೆಯಾದಂತೆ ಕಂಡಿತು. ದುಡಿಯುವ ಮನೆಗೆ ಅದರಿಂದ ಸಿಕ್ಕ ಬಿಡುವನ್ನು ಹೀಗಳೆಯುವುದು ಸರಿಯಲ್ಲ. ಆದರೆ ಪೆಟ್ರೋಲು ತಿಂಗಳ ಖರ್ಚಿನ ಪಟ್ಟಿಯಲ್ಲಿ ಖಾಯಂ ಜಾಗ ಹಿಡಿಯಿತು, ದೇಹಕ್ಕಿದ್ದ ಏಕೈಕ ವ್ಯಾಯಾಮವೂ ತಪ್ಪಿತು. ರಸ್ತೆ ಮಾಡುವವರು ಸೈಕಲ್ಲಿನವನನ್ನು ಮರೆತೇಬಿಟ್ಟರು. ಆತ ಮಾತ್ರ ಮಾಯವಾಗಿರಲಿಲ್ಲ. 2011ರ ಜನಗಣತಿಯಲ್ಲಿ ದೇಶದ ನೂರು ಮನೆಗಳಲ್ಲಿ ಸುಮಾರು 45ರಲ್ಲಿ ಸೈಕಲ್ಲಿತ್ತು. ಕೃಷಿ ಮತ್ತು ಗೃಹ ಕೈಗಾರಿಕೆಗಳನ್ನು ಬಿಟ್ಟು ಉಳಿದ ದುಡಿಮೆಯವರಲ್ಲಿ ನೂರಕ್ಕೆ 13 ಮಂದಿ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗುತ್ತಿದ್ದರು. ಕೇಂದ್ರ ಸರಕಾರ 2016ರಲ್ಲಿ ಸೈಕಲ್ ಮುಂಗಡವನ್ನು ನಿಲ್ಲಿಸಿತು. ಆದರೆ ಮರುವರ್ಷ ಅಂಚೆ ಮತ್ತು ರೈಲ್ವೆಯ ಅರ್ಹ ನೌಕರರಿಗೆ ಸೈಕಲ್ ಭತ್ಯವನ್ನು ಉಳಿಸಿ, ತಿಂಗಳಿಗೆ 90 ರೂಪಾಯಿಯಿಂದ 180ಕ್ಕೆ ಏರಿಸಿತು. ಹಳೆಯ ಗಾಡಿಗೆ ಇನ್ನೂ ಕೆಲಸವಿದೆಯೆಂದು ಕಡತಗಳೇ ಒಪ್ಪಿಕೊಂಡಂತಾಯಿತು.

ಹೊರದೇಶಗಳವರು ಉದ್ದದಾರಿಯ ಪ್ರಶ್ನೆಯನ್ನು ನೇರವಾಗಿ ಎದುರಿಸಿದ್ದಾರೆ. ಐದು ಕಿಲೋಮೀಟರಿಗಿಂತ ಹೆಚ್ಚು ದೂರ ತುಳಿಯುವವರಿಗೆಂದೇ ಡೆನ್ಮಾರ್ಕಿನ ಕೋಪನ್‌ಹೇಗನ್ನಿನವರು 2012ರಲ್ಲಿ ಉಪನಗರದಿಂದ ನಗರಕ್ಕೆ ಮೊದಲ ಸೈಕಲ್ ಹೆದ್ದಾರಿಯನ್ನು ತೆರೆದರು. ಹಾಲೆಂಡಿನ ಉತ್ರೆಕ್ಟ್ ರೈಲು ನಿಲ್ದಾಣದಲ್ಲಿ 12,500 ಸೈಕಲ್ಲು ನಿಲ್ಲಿಸುವ ಕಟ್ಟಡ 2019ರಲ್ಲಿ ಪೂರ್ಣಗೊಂಡಿತು. ನಮ್ಮ ಸ್ಟೇಷನ್ನಿನ ಸ್ಟ್ಯಾಂಡು ಮಾಡುತ್ತಿದ್ದ ಕೆಲಸವನ್ನೇ ಅವರು ದೊಡ್ಡದಾಗಿ, ಅಚ್ಚುಕಟ್ಟಾಗಿ ಮಾಡಿದ್ದಾರೆ.

ಆದ್ದರಿಂದ ನಮ್ಮ ಓದುಗ ಬಂಧುಗಳಲ್ಲಿ ಒಂದು ವಿನಂತಿ. ಕೆಲಸ ದೂರವಾಯಿತೆಂದು ಸೈಕಲ್ಲನ್ನು ಹಳೆ ಕಬ್ಬಿಣದವನಿಗೆ ಹಾಕುವ ಮುನ್ನ ಒಂದು ರಜಾದಿನ ಹೊಸ ದಾರಿಯನ್ನು ಅಳೆದು ನೋಡಿ. ಹತ್ತು ಕಿಲೋಮೀಟರಿನೊಳಗಾದರೆ, ರಸ್ತೆ ತಕ್ಕಮಟ್ಟಿಗೆ ಕ್ಷೇಮವಾಗಿದ್ದರೆ, ವಾರಕ್ಕೆರಡು ದಿನ ಪೂರ್ತಿ ತುಳಿಯಲು ಆದೀತು. ಮೈ ಒಗ್ಗಿದಂತೆ ದಿನಗಳನ್ನು ಹೆಚ್ಚಿಸಬಹುದು. ಅದಕ್ಕಿಂತ ದೂರವಾದರೆ ಸ್ಟೇಷನ್ನಿನವರೆಗೆ, ಬಸ್ ನಿಲ್ದಾಣದವರೆಗೆ ಸೈಕಲ್ಲು ಸಾಕು. ಏರುದಾರಿಯವರಿಗೆ ಗೇರಿನ ಸೈಕಲ್ಲೂ ಬ್ಯಾಟರಿಯ ಸೈಕಲ್ಲೂ ಈಗ ದೊರೆಯುತ್ತವೆ. ರಾತ್ರಿ ಪಾಳಿಯವರು ಹಿಂದೆ ಮುಂದೆ ದೀಪವಿಲ್ಲದೆ ಹೆದ್ದಾರಿಗೆ ಇಳಿಯಬಾರದು. ಲಾರಿಗಳ ಹೆದ್ದಾರಿ ಬಿಟ್ಟು ಬೇರೆ ದಾರಿಯೇ ಇಲ್ಲದಿದ್ದರೆ ಅಂದು ಬಸ್ಸೇ ಲೇಸು. ಮನೆಯವರು ಬಾಗಿಲಲ್ಲಿ ಕಾದಿರುತ್ತಾರೆ.

ಇನ್ನು ಉಳಿದದ್ದು ಎಲ್ಲರೂ ಕೂಡಿ ಕೇಳಬೇಕಾದದ್ದು. ನೆರಳಿರುವ, ಕಾವಲಿರುವ ಸೈಕಲ್ ಸ್ಟ್ಯಾಂಡು ಪ್ರತಿ ನಿಲ್ದಾಣದಲ್ಲೂ ಇರಲಿ. ಕಾರ್ಖಾನೆ ಹೊರವಲಯಕ್ಕೆ ಹೋಗುವಾಗ ಅದರ ರಸ್ತೆಯ ಅಂಚಿನಲ್ಲಿ ಸೈಕಲ್ಲಿನವನಿಗೂ ಒಂದು ಗೇಣು ಜಾಗ ಮೀಸಲಿರಲಿ. ಪ್ರಕಾಶಂ ಬ್ಯಾರೇಜಿನ ಮೇಲಿನ ರಸ್ತೆ ಆಚೆ ದಡದವನಿಗೆ ಈಚೆ ದಡದ ಅನ್ನವನ್ನು ಹತ್ತಿರ ತಂದಿತು. ಅಂಥ ಅನುಕೂಲವನ್ನು ಇಂದಿನ ನಗರಗಳಿಂದ ಕೇಳಲು ನಮಗೂ ಹಕ್ಕಿದೆಯೆಂಬುದು ನಮ್ಮ ನಂಬಿಕೆ.