ಇಮೇಲ್ ಸಿಂಕ್: ಹಲವು ಕಂಪ್ಯೂಟರು, ಒಂದೇ ಅಂಚೆಪೆಟ್ಟಿಗೆ

ಒಬ್ಬರೇ ಬಳಸುವ ಎರಡು ಮೂರು ಕಂಪ್ಯೂಟರುಗಳಲ್ಲಿ ಇಮೇಲ್ ಪೆಟ್ಟಿಗೆ ಒಂದೇ ಸ್ಥಿತಿಯಲ್ಲಿ ಕಾಣುವಂತೆ ನೋಡಿಕೊಳ್ಳುವ ವ್ಯವಸ್ಥೆ. ಹುಬ್ಬಳ್ಳಿಯ ಗದಗ ರಸ್ತೆಯ ಕಚೇರಿಯಲ್ಲಿ ಓದಿದ ಪತ್ರ ಬೆಂಗೇರಿಯ ಮನೆಯಲ್ಲಿಯೂ ಓದಿದ್ದೆಂದೇ ಕಾಣಬೇಕು. ಅಲ್ಲಿ ಅಳಿಸಿದ್ದು ಇಲ್ಲಿ ಉಳಿಯಬಾರದು, ಅಲ್ಲಿಂದ ಬರೆದ ಉತ್ತರ ಇಲ್ಲಿ ಹುಡುಕಿದರೂ ಸಿಗಬೇಕು. ಇಷ್ಟನ್ನು ಸಾಧಿಸಲು ದಶಕಗಳೇ ಹಿಡಿದವು. ಪತ್ರದ ಮೂಲ ಪ್ರತಿ ಎಲ್ಲಿರಬೇಕು ಎಂಬ ಪ್ರಶ್ನೆಗೆ ಕಾಲಕಾಲಕ್ಕೆ ಸಿಕ್ಕ ಬೇರೆ ಬೇರೆ ಉತ್ತರಗಳೇ ಇದರ ಇತಿಹಾಸ.

1971ರಲ್ಲಿ ರೇ ಟಾಮ್ಲಿನ್ಸನ್ ಒಂದು ಯಂತ್ರದಿಂದ ಇನ್ನೊಂದಕ್ಕೆ ಇಮೇಲ್ ಕಳಿಸಿದ ಕಾಲದಲ್ಲಿ ಈ ಪ್ರಶ್ನೆ ಏಳಲೇ ಇಲ್ಲ. ಪತ್ರಗಳೆಲ್ಲ ಸಂಸ್ಥೆಯ ದೊಡ್ಡ ಕಂಪ್ಯೂಟರಿನಲ್ಲಿರುತ್ತಿದ್ದವು, ಯಾವ ಟರ್ಮಿನಲ್ ಮುಂದೆ ಕೂತರೂ ಕಾಣುವುದು ಅದೇ ಪೆಟ್ಟಿಗೆ. ಮೇಜಿಗೊಂದು ಪಿಸಿ ಬಂದ ಮೇಲೆ ತೊಂದರೆ ಶುರುವಾಯಿತು. 1984ರಲ್ಲಿ ರೂಪುಗೊಂಡ ಪಾಪ್ ಮತ್ತು 1988ರಲ್ಲಿ ಬಂದ ಅದರ ಮೂರನೆಯ ರೂಪ ಪಾಪ್3, ಅಂಚೆ ಕಚೇರಿಯ ಪೋಸ್ಟ್ ಬಾಕ್ಸ್ ತೆರೆದು ಪತ್ರಗಳನ್ನು ಮನೆಗೆ ಒಯ್ಯುವ ಪದ್ಧತಿ. ಒಯ್ದ ಮೇಲೆ ಬಾಕ್ಸ್ ಖಾಲಿ. ಫೋನ್ ಕರೆಗೆ ನಿಮಿಷದ ಲೆಕ್ಕದಲ್ಲಿ ಹಣ ಕೊಡುತ್ತಿದ್ದ ದಿನಗಳಿಗೆ ಇದು ಒಪ್ಪುವಂಥದ್ದೇ: ಸಂಪರ್ಕಿಸು, ಇಳಿಸಿಕೊ, ಲೈನ್ ಕತ್ತರಿಸು, ಆಮೇಲೆ ಪುರುಸೊತ್ತಿನಲ್ಲಿ ಓದು. ಎರಡನೆಯ ಕಂಪ್ಯೂಟರಿಗೆ ಮಾತ್ರ ಇದರಲ್ಲಿ ಜಾಗವಿರಲಿಲ್ಲ. ರಾಷ್ಟ್ರಧ್ವಜ ತಯಾರಿಕೆಗೆ ಹೆಸರಾದ ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಹಾಗೆ ದೂರದೂರುಗಳಿಂದ ಬೇಡಿಕೆ ಪಡೆಯುವ ಯಾವುದೇ ಸಂಸ್ಥೆಯನ್ನು ತೆಗೆದುಕೊಳ್ಳಿ. ಪಾಪ್ ಪದ್ಧತಿಯಲ್ಲಿ ಒಬ್ಬ ಗುಮಾಸ್ತರು ಪತ್ರ ಇಳಿಸಿಕೊಂಡರೆ, ಪಕ್ಕದ ಮೇಜಿನವರಿಗೆ ಅದು ಬಂದ ಸುದ್ದಿಯೂ ತಿಳಿಯದು. ಪ್ರತಿಯನ್ನು ಸರ್ವರಿನಲ್ಲೇ ಬಿಡುವ ಆಯ್ಕೆ ಬಂದಾಗ ಪತ್ರವೇನೋ ಇಬ್ಬರಿಗೂ ಸಿಕ್ಕಿತು. ಆದರೆ ಯಾರು ಓದಿದರು, ಯಾರು ಉತ್ತರಿಸಿದರು ಎಂಬುದು ಆಗಲೂ ಗೊತ್ತಾಗುತ್ತಿರಲಿಲ್ಲ.

ಈ ತೊಡಕನ್ನು ಮೊದಲೇ ಕಂಡು ನೇರವಾಗಿ ಕೈಹಾಕಿದವರು ಅಮೆರಿಕದ ಎಂಐಟಿಯವರು. ಡೇವಿಡ್ ಕ್ಲಾರ್ಕ್ ಮತ್ತು ಮಾರ್ಕ್ ಲ್ಯಾಂಬರ್ಟ್ 1986ರಲ್ಲಿ ವಿವರಿಸಿದ ಪಿಸಿಮೇಲ್ ವ್ಯವಸ್ಥೆಯಲ್ಲಿ ಮೂಲ ಪ್ರತಿ ಸರ್ವರಿನಲ್ಲಿ, ನಕಲು ಪ್ರತಿ ಕಂಪ್ಯೂಟರಿನಲ್ಲಿ. ಬಳಕೆದಾರನ ಯಾವ ಯಂತ್ರಕ್ಕೆ ಯಾವ ಬದಲಾವಣೆ ಇನ್ನೂ ತಲುಪಿಲ್ಲ ಎಂಬ ಲೆಕ್ಕವನ್ನು ಸರ್ವರ್ ಇಟ್ಟುಕೊಳ್ಳುತ್ತಿತ್ತು. ಮುಂದಿನ ಸಲ ಆ ಯಂತ್ರ ಸಂಪರ್ಕಕ್ಕೆ ಬಂದಾಗ ಅಷ್ಟನ್ನೇ ಕಳಿಸುತ್ತಿತ್ತು. ಎಂಐಟಿಯಿಂದಾಚೆ ಇದು ಹೆಚ್ಚು ಹಬ್ಬಲಿಲ್ಲ. ಆದರೂ ಇಂದಿನ ಸಿಂಕ್‌ನ ತಿರುಳು ಅದರಲ್ಲಾಗಲೇ ಇತ್ತು. ಅದಕ್ಕೆ ಇತಿಹಾಸದಲ್ಲಿ ಈಗಿರುವುದಕ್ಕಿಂತ ದೊಡ್ಡ ಸ್ಥಾನ ಸಲ್ಲಬೇಕು.

ಗೆದ್ದದ್ದು ಐಮ್ಯಾಪ್. ಸ್ಟ್ಯಾನ್‌ಫರ್ಡ್‌ನಲ್ಲಿ ಮಾರ್ಕ್ ಕ್ರಿಸ್ಪಿನ್ 1986ರಲ್ಲಿ ಇದನ್ನು ರೂಪಿಸಿದರು. ನಾಲ್ಕನೆಯ ರೂಪ 1994ರಲ್ಲಿ ಪ್ರಕಟವಾಯಿತು, ಪರಿಷ್ಕೃತ ಆವೃತ್ತಿಗಳು 1996 ಮತ್ತು 2003ರಲ್ಲಿ ಬಂದವು. ಇಲ್ಲಿ ಪತ್ರ ಸರ್ವರ್ ಬಿಟ್ಟು ಕದಲುವುದಿಲ್ಲ. ಓದಲಾಗಿದೆ, ಉತ್ತರಿಸಲಾಗಿದೆ, ಅಳಿಸಲು ಗುರುತಿಸಲಾಗಿದೆ ಎಂಬ ಗುರುತುಗಳೂ ಸರ್ವರಿನಲ್ಲೇ ಇರುತ್ತವೆ. ಪ್ರತಿ ಪತ್ರಕ್ಕೂ ಒಂದು ಕ್ರಮಸಂಖ್ಯೆ. ಅದು ಏರುತ್ತಲೇ ಹೋಗಬೇಕು, ಪತ್ರ ಅಳಿದರೂ ಆ ಸಂಖ್ಯೆ ಇನ್ನೊಂದಕ್ಕೆ ಸಿಗಕೂಡದು. ನಿನ್ನೆ 840ರವರೆಗೆ ನೋಡಿದ್ದ ಮನೆಯ ಕಂಪ್ಯೂಟರ್ ಇವತ್ತು 841ರಿಂದ ಮುಂದಿನದನ್ನು ತರಿಸಿಕೊಂಡು, ಹಳೆಯವುಗಳ ಗುರುತುಗಳನ್ನಷ್ಟೇ ಮತ್ತೊಮ್ಮೆ ಕೇಳಿದರೆ ಸಾಕು. ಇಡೀ ಕಡತಕ್ಕೂ ಬೇರೊಂದು ಸಂಖ್ಯೆ ಇರುತ್ತದೆ. ಸರ್ವರ್ ಕೆಟ್ಟು ಮರುಸ್ಥಾಪನೆಯಾಗಿ ಕ್ರಮಸಂಖ್ಯೆಗಳು ಅಸ್ತವ್ಯಸ್ತವಾದರೆ ಇದು ಬದಲಾಗುತ್ತದೆ. ಆಗ ಕಂಪ್ಯೂಟರ್ ತನ್ನ ನಕಲನ್ನೆಲ್ಲ ಎಸೆದು ಮೊದಲಿನಿಂದ ಇಳಿಸಿಕೊಳ್ಳಬೇಕು. ಸಾವಿರಾರು ಹಳೆಯ ಪತ್ರಗಳು ಒಮ್ಮೆಲೇ ಮತ್ತೆ ಇಳಿಯತೊಡಗಿದರೆ ಅನೇಕ ಸಲ ಕಾರಣ ಇದೇ.

ಭಾರತಕ್ಕೆ ಇಮೇಲ್ ಬಂದದ್ದು ವಿದ್ಯಾಸಂಸ್ಥೆಗಳ ಮೂಲಕ. 1986ರಲ್ಲಿ ಆರಂಭವಾದ ಅರ್ನೆಟ್ ಜಾಲದ ಮೊದಲ ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಜನಸಾಮಾನ್ಯರಿಗೆ 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಇಂಟರ್ನೆಟ್ ತೆರೆಯಿತು. ಅದರ ಅಗ್ಗದ ಶೆಲ್ ಖಾತೆಯಲ್ಲಿ ಪತ್ರಗಳನ್ನು ವಿಎಸ್‌ಎನ್‌ಎಲ್‌ನ ಯಂತ್ರದಲ್ಲೇ, ಬರೀ ಅಕ್ಷರಗಳ ಪರದೆಯಲ್ಲಿ ಓದಬೇಕಿತ್ತು. ದುಬಾರಿ ಖಾತೆಯವರು ಪಾಪ್‌ನಿಂದ ಇಳಿಸಿಕೊಂಡು ಪತ್ರಗಳನ್ನು ಒಂದೇ ಪಿಸಿಗೆ ಕಟ್ಟಿಹಾಕುತ್ತಿದ್ದಾಗ, ಅಗ್ಗದ ಖಾತೆಯವರ ಪೆಟ್ಟಿಗೆ ಎಲ್ಲಿಂದ ತೆರೆದರೂ ಒಂದೇ ಆಗಿರುತ್ತಿತ್ತು.

ಹುಬ್ಬಳ್ಳಿಯಂಥ ಊರುಗಳಲ್ಲಿ ಕಥೆ ಬೇರೆಯೇ ದಾರಿ ಹಿಡಿಯಿತು. ಇಲ್ಲಿ ಬಹಳ ಮಂದಿಗೆ ಎರಡು ಕಂಪ್ಯೂಟರು ಹಾಗಿರಲಿ, ಸ್ವಂತದ್ದೊಂದೂ ಇರಲಿಲ್ಲ. ವಿದ್ಯಾನಗರದ ಇಂಜಿನಿಯರಿಂಗ್ ವಿದ್ಯಾರ್ಥಿ ಸೈಬರ್ ಕೆಫೆಯಲ್ಲಿ ಇವತ್ತು ಕೂತ ಯಂತ್ರ ನಾಳೆ ಬೇರೆಯವರ ಕೈಯಲ್ಲಿ. ಹೀಗಾಗಿ ಹಲವು ಕಂಪ್ಯೂಟರುಗಳ ಸಮಸ್ಯೆ ಅಮೆರಿಕದ ಕಚೇರಿ ನೌಕರನಿಗಿಂತ ತೀವ್ರವಾಗಿ ಎದುರಾದದ್ದು ಈ ವಿದ್ಯಾರ್ಥಿಗೆ. ಪರಿಹಾರ ವೆಬ್‌ಮೇಲ್ ರೂಪದಲ್ಲಿ ಸಿಕ್ಕಿತು. ಬೆಂಗಳೂರಿನ ಸೇಂಟ್ ಜೋಸೆಫ್ ಬಾಲಕರ ಶಾಲೆಯಲ್ಲಿ ಓದಿದ್ದ ಸಬೀರ್ ಭಾಟಿಯಾ, ಜ್ಯಾಕ್ ಸ್ಮಿತ್ ಜೊತೆಗೂಡಿ 1996ರ ಜುಲೈ 4ರಂದು ಹಾಟ್‌ಮೇಲ್ ಆರಂಭಿಸಿದರು. ಬ್ರೌಸರ್ ಇದ್ದಲ್ಲೆಲ್ಲ ಅಂಚೆಪೆಟ್ಟಿಗೆ ಇತ್ತು. ಕನ್ನಡನಾಡಿನ ಒಂದು ಇಡೀ ಪೀಳಿಗೆ ಪಾಪ್ ಹೆಸರನ್ನೇ ಕೇಳದೆ ಸೀದಾ ಹಾಟ್‌ಮೇಲ್, ಯಾಹೂ, ರೆಡಿಫ್‌ಮೇಲ್‌ಗಳಿಗೆ ಬಂತು. ಜಾಗ ಮಾತ್ರ ಕಿರಿದು, ಹಾಟ್‌ಮೇಲ್ ಕೊಡುತ್ತಿದ್ದುದು ಎರಡು ಎಂಬಿ. 2004ರ ಏಪ್ರಿಲ್ 1ರಂದು ಜಿಮೇಲ್ ಒಂದು ಜಿಬಿ ಕೊಟ್ಟಿತು, 2007ರಲ್ಲಿ ಐಮ್ಯಾಪ್ ಅನ್ನೂ ಪುಕ್ಕಟೆಯಾಗಿ ಸೇರಿಸಿತು.

ಪತ್ರ ಎಲ್ಲ ಕಂಪ್ಯೂಟರಿಗೂ ತಲುಪಿದರೆ ಕೆಲಸ ಮುಗಿಯಿತೆಂದು ಕನ್ನಡಿಗರು ಹೇಳುವಂತಿರಲಿಲ್ಲ, ಅಕ್ಷರಗಳು ತಲುಪಬೇಕಲ್ಲ! 1998ರಲ್ಲಿ ಬಂದ ಬರಹ, ಆನಂತರ ಕನ್ನಡ ಗಣಕ ಪರಿಷತ್ತಿನ ನುಡಿ, ಇವುಗಳ ಅಂದಿನ ಫಾಂಟುಗಳು ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು. ಕಚೇರಿಯಲ್ಲಿ ಚೆನ್ನಾಗಿ ಕಂಡ ಪತ್ರ, ಆ ಫಾಂಟ್ ಇಲ್ಲದ ಮನೆಯ ಕಂಪ್ಯೂಟರಿನಲ್ಲಿ ತಲೆಯ ಮೇಲೆ ಗೀಟು, ಚುಕ್ಕೆ ಹೊತ್ತ ಯುರೋಪಿನ ಅಕ್ಷರಗಳ ಗೋಜಲಾಗುತ್ತಿತ್ತು. ಹಾಗಾಗಿ ಪಿಡಿಎಫ್ ಲಗತ್ತಿಸುವುದು, ಇಲ್ಲವೇ ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಬರೆಯುವುದು ರೂಢಿಯಾಯಿತು. 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನೊಂದಿಗೆ ಯೂನಿಕೋಡ್ ಕನ್ನಡವನ್ನು ತಂದ ಮೇಲೆ, ನಿಧಾನವಾಗಿಯಾದರೂ, ಪತ್ರ ಎಲ್ಲೆಡೆ ಒಂದೇ ರೀತಿ ಕಾಣತೊಡಗಿತು. ನಮ್ಮ ಮಟ್ಟಿಗೆ ಸಿಂಕ್ ಎಂಬುದು ನಿಜವಾದದ್ದು ಯೂನಿಕೋಡ್ ಬಂದ ನಂತರವೇ.

ಇತರ ಕೊರತೆಗಳು ಒಂದೊಂದಾಗಿ ತುಂಬಿದವು. 1997ರಲ್ಲಿ ಸೇರಿದ ಐಡಲ್ ಆಜ್ಞೆಯಿಂದಾಗಿ, ಹೊಸ ಪತ್ರ ಬಂತೇ ಎಂದು ಪದೇ ಪದೇ ಕೇಳುವ ಬದಲು, ಬಂದಾಗ ಸರ್ವರೇ ತಿಳಿಸುವಂತಾಯಿತು. ಕಳಿಸಿದ ಪತ್ರಗಳ ಗೊಂದಲ ಇನ್ನೂ ಬಹಳ ಕಾಲ ಉಳಿಯಿತು. ಪತ್ರ ಹೊರಹೋಗುವುದು ಎಸ್‌ಎಂಟಿಪಿ ಎಂಬ ಬೇರೆ ದಾರಿಯಲ್ಲಿ, ಅದರ ಪ್ರತಿಯನ್ನು ಐಮ್ಯಾಪ್ ಕಡತಕ್ಕೆ ಮತ್ತೆ ಏರಿಸಬೇಕು. ಒಂದು ತಂತ್ರಾಂಶ ಆ ಕಡತಕ್ಕೆ ‘ಸೆಂಟ್’ ಎಂದು ಹೆಸರಿಟ್ಟರೆ ಇನ್ನೊಂದು ‘ಸೆಂಟ್ ಐಟಮ್ಸ್’ ಎನ್ನುತ್ತಿತ್ತು, ಒಬ್ಬರ ಉತ್ತರಗಳು ಎರಡು ಕಡೆ ಹಂಚಿಹೋಗುತ್ತಿದ್ದವು. ಹೆಸರು ಏನೇ ಇರಲಿ, ಇದು ಕಳಿಸಿದ ಪತ್ರಗಳ ಕಡತ ಎಂದು ಸರ್ವರೇ ಸೂಚಿಸುವ ಕ್ರಮ 2011ರಲ್ಲಿ ಬಂತು. ಮೊಬೈಲ್ ಬಂದು ಪ್ರತಿಯೊಬ್ಬರ ಎರಡನೆಯ ಕಂಪ್ಯೂಟರ್ ಜೇಬಿನಲ್ಲೇ ಕೂತ ಮೇಲೆ ಇಂಥ ತಿದ್ದುಪಡಿ ಅನಿವಾರ್ಯವೂ ಆಗಿತ್ತು. 2019ರ ಜೆಮ್ಯಾಪ್ ಇದೇ ಕೆಲಸವನ್ನು ವೆಬ್‌ನ ರೀತಿಯಲ್ಲಿ ಹಗುರಗೊಳಿಸುವ ಪ್ರಯತ್ನ.

ಕಡತದ ಹೆಸರನ್ನು ಕನ್ನಡದಲ್ಲಿ ಇಡುವ ಹಕ್ಕು ಪೂರ್ಣವಾಗಿ ದಕ್ಕಿದ್ದು ತೀರ ಇತ್ತೀಚೆಗೆ. ಹಳೆಯ ಐಮ್ಯಾಪ್‌ನಲ್ಲಿ ‘ಮನೆ’ ಎಂದು ಹೆಸರಿಟ್ಟರೆ ಸರ್ವರಿಗೆ ಹೋಗುತ್ತಿದ್ದುದು ರೋಮನ್ ಅಕ್ಷರ, ಅಂಕಿಗಳ ಒಂದು ಸಂಕೇತಮಾಲೆ. ಅದನ್ನು ಬಿಡಿಸಲು ತಿಳಿಯದ ತಂತ್ರಾಂಶದಲ್ಲಿ ಆ ಮಾಲೆಯೇ ಹೆಸರಾಗಿ ಕಾಣುತ್ತಿತ್ತು. 2021ರ ಆಗಸ್ಟ್‌ನಲ್ಲಿ ಪ್ರಕಟವಾದ ಐಮ್ಯಾಪ್‌ನ ಆವೃತ್ತಿ ಹೆಸರುಗಳನ್ನು ನೇರವಾಗಿ ಯೂನಿಕೋಡ್‌ನಲ್ಲೇ ಕಳಿಸಲು ಅನುವು ಮಾಡಿತು. ಹಳೆಯ ಸರ್ವರುಗಳು ಇನ್ನೂ ಬಳಕೆಯಲ್ಲಿರುವುದರಿಂದ ಇಮೇಲ್ ತಂತ್ರಾಂಶಗಳು ಎರಡೂ ಕ್ರಮಗಳನ್ನು ಅರಿತಿರಬೇಕಾಗಿದೆ.