ಮೊಣಕಾಲುದ್ದದ ಪ್ಯಾಂಟು, ಎರಡು ಜೊತೆ ಕಾಲುಚೀಲ

ಉಡುಪಿನ ಚರಿತ್ರೆಯೆಂದರೆ ಅಲಂಕಾರದ ಚರಿತ್ರೆಯೆಂದೇ ಹಲವರು ಭಾವಿಸುತ್ತಾರೆ. ವಾಸ್ತವವಾಗಿ ಅದು ಬಹುಮಟ್ಟಿಗೆ ಮನುಷ್ಯನ ಅಗತ್ಯಗಳ ಚರಿತ್ರೆ. ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಪರಿಚಿತವಾದ ಬೇಸ್‌ಬಾಲ್ ಆಟದ ಉಡುಪೇ ಇದಕ್ಕೊಂದು ನಿದರ್ಶನ. ಆ ಆಟದ ಹಳೆಯ ಛಾಯಾಚಿತ್ರಗಳನ್ನು ನೋಡಿದವರಿಗೆ ನಗು ಬರಬಹುದು: ಬಿರುಬೇಸಿಗೆಯಲ್ಲಿ ದಪ್ಪ ಉಣ್ಣೆಯ ಅಂಗಿ, ಮೊಣಕಾಲಿನ ಕೆಳಗೆ ಬಿಗಿದ ದೊಗಳೆ ಪ್ಯಾಂಟು, ಒಂದರ ಮೇಲೊಂದು ಎರಡು ಜೊತೆ ಕಾಲುಚೀಲ! ಆದರೆ ಇವುಗಳಲ್ಲಿ ಯಾವುದೂ ಅಕಾರಣವಾಗಿ ಬಂದುದಲ್ಲ.

1849ರಲ್ಲಿ ನ್ಯೂಯಾರ್ಕಿನ ನಿಕರ್‌ಬಾಕರ್ ಕ್ಲಬ್ಬು ಈ ಆಟಕ್ಕೆ ಮೊದಲ ಸಮವಸ್ತ್ರವನ್ನು ಗೊತ್ತುಮಾಡಿತು. ನೀಲಿ ಉಣ್ಣೆಯ ಉದ್ದ ಪ್ಯಾಂಟು, ಬಿಳಿಯ ಫ್ಲಾನೆಲ್ ಅಂಗಿ, ಹುಲ್ಲಿನ ಟೋಪಿ. ಅದು ಸಂಜೆಯ ವಿಹಾರಕ್ಕೆ ಹೊರಟ ಸಭ್ಯ ಗೃಹಸ್ಥರ ವೇಷದಂತಿತ್ತು. ಆದರೆ ಬೇಸ್‌ಬಾಲ್ ಓಟದ ಆಟ. ಚೆಂಡನ್ನು ಹೊಡೆದವನು ತೊಂಬತ್ತು ತೊಂಬತ್ತು ಅಡಿ ಅಂತರದ ನೆಲೆಗಳನ್ನು ಸುತ್ತಿ ಬರಬೇಕು. ಸಿಕ್ಕಿಬೀಳುವಂತಾದರೆ ನೆಲದ ಮೇಲೆ ಜಾರಿಕೊಂಡು ಹೋಗಿ ನೆಲೆಯನ್ನು ಮುಟ್ಟಬೇಕು. ಅಂಥವನ ಕಾಲಿಗೆ ಉದ್ದ ಪ್ಯಾಂಟಿನ ಅಂಚು ತೊಡಕೇ ಸರಿ.

ಈ ತೊಡಕನ್ನು ನಿವಾರಿಸಿದ್ದು ಸಿನ್ಸಿನಾಟಿ ನಗರದ ತಂಡ. ಅದರ ನಾಯಕ ಹ್ಯಾರಿ ರೈಟ್ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹುಟ್ಟಿದವನು, ವೃತ್ತಿಪರ ಕ್ರಿಕೆಟ್ ಆಟಗಾರನ ಮಗ. 1868ರಲ್ಲಿ ಈ ತಂಡ ಮೊಣಕಾಲುದ್ದದ ಪ್ಯಾಂಟನ್ನೂ ಕೆಂಪು ಕಾಲುಚೀಲವನ್ನೂ ತೊಟ್ಟು ಆಡತೊಡಗಿತು. ನೋಡಿದವರು ಮೊದಮೊದಲು ಹುಬ್ಬೇರಿಸಿರಬಹುದು. ಮರುವರ್ಷ, ಎಲ್ಲರಿಗೂ ಬಹಿರಂಗವಾಗಿ ಸಂಬಳ ಕೊಟ್ಟು ಕಟ್ಟಿದ ಮೊದಲ ತಂಡವಾಗಿ ಅದು ಇಡೀ ಋತುವಿನಲ್ಲಿ ಸೋಲನ್ನೇ ಕಾಣಲಿಲ್ಲ. ಇತರರೂ ಅದೇ ಉಡುಪನ್ನು ಅನುಸರಿಸಿದರು. ಪ್ಯಾಂಟು ಮೊಟಕಾದೊಡನೆ ಕಾಲುಚೀಲ ಎದ್ದು ಕಾಣತೊಡಗಿತು. ಅದರ ಬಣ್ಣವೇ ತಂಡದ ಗುರುತಾಯಿತು. ಬಾಸ್ಟನ್ನಿನ 'ರೆಡ್ ಸಾಕ್ಸ್', ಷಿಕಾಗೋದ 'ವೈಟ್ ಸಾಕ್ಸ್' ಎಂಬ ಹೆಸರುಗಳು ಆ ಕಾಲುಚೀಲಗಳ ನೆನಪನ್ನು ಇಂದಿಗೂ ಹೊತ್ತಿವೆ.

ಇನ್ನು ಎರಡು ಜೊತೆಯ ಸಂಗತಿ. ಆಟಗಾರರ ಬೂಟಿನ ಅಡಿಯಲ್ಲಿ ಲೋಹದ ಮೊನೆಗಳಿರುತ್ತಿದ್ದವು. ಜಾರಿಬರುವವನ ಬೂಟು ತಗುಲಿ ಎದುರಾಳಿಯ ಕಾಲು ಸೀಳುವುದು ಸಾಮಾನ್ಯವಾಗಿತ್ತು. 1905ರಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಪ್ರಖ್ಯಾತ ಆಟಗಾರ ನ್ಯಾಪ್ ಲಾಜೊವೇ ಹೀಗೆ ಗಾಯಗೊಂಡನು. ಗಾಯ ನಂಜೇರಿ ಆ ವರ್ಷದ ಅರ್ಧಕ್ಕೂ ಹೆಚ್ಚು ಪಂದ್ಯಗಳಿಂದ ದೂರ ಉಳಿದನು. ಕಾಲುಚೀಲದ ಬಣ್ಣ ಬಿಟ್ಟು ಗಾಯದೊಳಗೆ ಇಳಿದುದೇ ಇದಕ್ಕೆ ಕಾರಣವೆಂದು ಆಗ ದೂಷಿಸಿದರು. ನಂಜಿಗೆ ಮೂಲ ರೋಗಾಣುಗಳೆಂಬುದು ನಮಗಿಂದು ಗೊತ್ತು. ಆದರೆ ಅವರ ಅಂಜಿಕೆಯನ್ನು ಹಗುರವಾಗಿ ಕಾಣಬಾರದು. ಪೆನಿಸಿಲಿನ್ ಇಲ್ಲದ ಆ ಕಾಲದಲ್ಲಿ ಸಣ್ಣ ಗಾಯವೂ ಪ್ರಾಣಕ್ಕೆ ಎರವಾಗುತ್ತಿತ್ತು. 1924ರಲ್ಲಿ ಅಮೆರಿಕದ ಅಧ್ಯಕ್ಷ ಕೂಲಿಡ್ಜರ ಹದಿನಾರು ವರ್ಷದ ಮಗ, ಟೆನಿಸ್ ಆಡುವಾಗ ಕಾಲಿನಲ್ಲೆದ್ದ ಒಂದು ಬೊಬ್ಬೆಯಿಂದ ರಕ್ತ ನಂಜೇರಿ ತೀರಿಕೊಂಡನು. ದೇಶದ ಅತ್ಯುನ್ನತ ಪದವಿಯಲ್ಲಿದ್ದ ತಂದೆಗೂ ಮಗನನ್ನು ಉಳಿಸಿಕೊಳ್ಳಲಾಗಲಿಲ್ಲ.

ಆದ್ದರಿಂದ ಆಟಗಾರರು ಬಣ್ಣ ಹಾಕದ ಬಿಳಿಯ ಕಾಲುಚೀಲವನ್ನು ಒಳಗೆ ಧರಿಸಿ, ಬಣ್ಣದ್ದನ್ನು ಅದರ ಮೇಲೆ ತೊಟ್ಟರು. ಎರಡೂ ಸೇರಿದರೆ ಬೂಟು ಬಿಗಿಯಾಗುತ್ತದಷ್ಟೆ? ಹೊರಚೀಲದ ಪಾದದ ಭಾಗವನ್ನೇ ತೆಗೆದು, ಕುದುರೆಯ ರಿಕಾಪಿನಂತೆ ಅಂಗಾಲಿನಡಿ ಒಂದು ಪಟ್ಟಿಯನ್ನು ಮಾತ್ರ ಉಳಿಸಿದರು.

ಉಳಿದವುಗಳಿಗೂ ಹೀಗೆಯೇ ಕಾರಣಗಳುಂಟು. ಉಣ್ಣೆ ಬೆವರನ್ನು ಹೀರುತ್ತಿತ್ತು, ಜಾರಿದಾಗ ಬೇಗ ಹರಿಯುತ್ತಿರಲಿಲ್ಲ. ಪರಊರಿಗೆ ಹೋದ ತಂಡಕ್ಕೆ ದಿನವೂ ಬಟ್ಟೆ ಒಗೆಸುವ ಅನುಕೂಲವಿರಲಿಲ್ಲ. ಬೂದುಬಣ್ಣವಾದರೆ ಕೊಳೆ ಅಷ್ಟಾಗಿ ಕಾಣದು. ಅಗತ್ಯವನ್ನು ಅರಿಯದೆ ಮಾಡಿದ ನಿಯಮ ಮಾತ್ರ ಬಾಳಲಿಲ್ಲ. 1882ರಲ್ಲಿ ನ್ಯಾಷನಲ್ ಲೀಗ್ ಆಟಗಾರನು ನಿಲ್ಲುವ ಸ್ಥಾನಕ್ಕೊಂದರಂತೆ ಅಂಗಿಯ ಬಣ್ಣವನ್ನು ವಿಧಿಸಿತು. ಎರಡೂ ತಂಡಗಳಲ್ಲಿ ಒಂದೇ ಸ್ಥಾನದವರಿಗೆ ಒಂದೇ ಬಣ್ಣ! ತನ್ನವರು ಯಾರು, ಎದುರಾಳಿ ಯಾರು ಎಂಬ ಗೊಂದಲವೆದ್ದು, ಋತು ಮುಗಿಯುವ ಮೊದಲೇ ಅದನ್ನು ಕೈಬಿಡಬೇಕಾಯಿತು.

1970ರಲ್ಲಿ ಪಿಟ್ಸ್‌ಬರ್ಗ್ ತಂಡ ಹಗುರವಾದ ಹೆಣಿಗೆ ಬಟ್ಟೆಯ ಉಡುಪನ್ನು ತೊಟ್ಟ ಮೇಲೆ ಉಣ್ಣೆ ಮರೆಯಾಯಿತು. ಬಣ್ಣ ಬಿಡದ ನೂಲು ಬಂದಿತು, ನಂಜಿಗೆ ಔಷಧವೂ ಬಂದಿತು. ಆದರೂ ರಿಕಾಪಿನ ಕಾಲುಚೀಲ ಹಲವು ದಶಕಗಳ ಕಾಲ ಉಳಿಯಿತು. ಈಗಲೂ ಕೆಲವರು ಹಿರಿಯರ ಮೇಲಿನ ಗೌರವದಿಂದ ಅದನ್ನು ತೊಡುವುದುಂಟು. ಕಾರಣ ಅಳಿದ ಮೇಲೂ ಉಳಿಯುವ ಆಚಾರವೇ ಸಂಪ್ರದಾಯ.

ನನ್ನ ವಿದ್ಯಾರ್ಥಿಗಳಿಗೆ ಹೇಳುವುದಿಷ್ಟೆ. ಹಳೆಯ ಪದ್ಧತಿಯೊಂದು ಕಣ್ಣಿಗೆ ಬಿದ್ದಾಗ ನಗಲೂ ಬೇಡಿ, ಕೈಮುಗಿಯಲೂ ಬೇಡಿ. ಅದು ಹುಟ್ಟಿದಾಗ ಯಾರ ಯಾವ ನೋವಿಗೆ ಮದ್ದಾಗಿತ್ತು ಎಂದು ಮೊದಲು ಕೇಳಿ. ಬಿಡುವುದೋ ಇಟ್ಟುಕೊಳ್ಳುವುದೋ ಎಂಬ ವಿಚಾರ ಆಮೇಲಿನದು.